ಕಡಕೊಳದ ಶೆಡ್ಡಿನಲ್ಲಿ ಬಿಗಿದ ಹಗ್ಗ

ನಾನು ನಿಂತಿದ್ದದ್ದು ಸಮುದ್ರ ಹತ್ತಿರದಲ್ಲೆಲ್ಲೂ ಇಲ್ಲದ ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ, ಫೈಬರ್ ದೋಣಿ ಮಾಡುವ ಒಂದು ಶೆಡ್ಡಿನೊಳಗೆ, ಬಾಗಿಲಿಗೆ ಬೆನ್ನು ಹಾಕಿ. ಮಧ್ಯಾಹ್ನದ ಊಟ ಮುಗಿದ ಹೊತ್ತು, ಬಿಸಿಲು ಚೆನ್ನಾಗಿತ್ತು. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಇಂಥದ್ದನ್ನು ಬೇರೆಯವರು ಹೇಳಿದಾಗ ಎಲ್ಲಿದ್ದಿರಿ, ಬೆಳಕಿತ್ತೇ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಲಕ್ಷ್ಮೀಪುರಂನಲ್ಲಿ ವಿಮೆ ಏಜೆಂಟನಾಗಿರುವವನಿಗೆ ಅದು ಕಸುಬಿನ ಅಭ್ಯಾಸ.

ತಂಗಿ ಗಿರಿಜೆಯ ಗಂಡ ಮಹದೇವ ಕಾರವಾರದ ಕಡೆ ಪ್ರವಾಸಿಗರ ದೋಣಿ ನಡೆಸುತ್ತಾನೆ. ಅದು ಈ ಶೆಡ್ಡಿನಲ್ಲೇ ತಯಾರಾದದ್ದು. ಎರಡನೆಯದು ಸಿದ್ಧವಾಗುತ್ತಿತ್ತು, ಅದನ್ನು ನೋಡಲು ಗಿರಿಜೆ ಬಂದಿದ್ದಳು. ದೋಣಿಗೆ ವಿಮೆ ಆರಿಸಿಕೊಟ್ಟವನು ನಾನು. ಎಂಜಿನ್ ನಿಂತರೆ ದಡಕ್ಕೆ ಎಳೆದು ತರುವ ಖರ್ಚು ಅದರಲ್ಲಿ ಸೇರಿತ್ತು. ಬಂಡೆಗೆ ಬಡಿಯುವಂಥ ಅಪಾಯದಿಂದ ಪಾರು ಮಾಡುವುದು ಬೇರೆ ವಿಷಯ, ಅದು ಸೇರಿರಲಿಲ್ಲ. ಆ ಕೆಲಸದ ಕಂಪನಿಗಳು ದೋಣಿಯ ಬೆಲೆಯಲ್ಲೇ ಪಾಲು ಕೇಳುತ್ತವೆ, ಅವರ ಹಗ್ಗ ಹಿಡಿದರೆ ಅದಕ್ಕೆ ಒಪ್ಪಿದ ಹಾಗೆ. ಹಾಗಾಗಿ ಮಹದೇವನಿಗೆ ಒಂದು ಮಾತು ಹೇಳಿಟ್ಟಿದ್ದೆ: ಬರೀ ಎಳೆಯುವುದಕ್ಕೆ ಎಂದು ಒಪ್ಪುವ ತನಕ ಅವರ ಹಗ್ಗ ಹಿಡಿಯಬೇಡ.

ಅಲ್ಲಿದ್ದಾಗಲೇ ಅವನ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

“ಭಾವ, ಎಂಜಿನ್ ಕೈಕೊಡ್ತು. ಒಬ್ನೇ ಇವ್ನಿ, ದೋಣಿ ಬಂಡೆ ಕಡೆ ಸರೀತೈತೆ. ಕಂಪನಿ ಬೋಟು ಪಕ್ಕಕ್ಕೇ ಬಂದೈತೆ. ಪಾಲು ಕೊಡ್ತೀನಿ ಅಂದ್ರೇನೇ ಹಗ್ಗ ಎಸೀತಾರಂತೆ.”

“ಎಳೆಯೋದಕ್ಕೆ ಮಾತ್ರ ಅಂತ ಹೇಳು.”

“ಹೇಳ್ದೆ. ನಗ್ತಾವ್ರೆ.”

ಗಿರಿಜೆ ಫೋನಿನ ಹತ್ತಿರ ಬಾಗಿದಳು. “ರೀ, ಅಣ್ಣನ ಕಾನೂನು ಆಮೇಲೆ. ಬೇಕಾದ್ರೆ ದೋಣೀನೇ ಬರ್ಕೊಟ್ಬುಡಿ, ಹಗ್ಗ ಇಸ್ಕೊಳ್ಳಿ.”

“ಅವ್ರು ಹೊರಟೋದ್ರು ಕಣೇ,” ಎಂದ. ಫೋನ್ ಕಡಿಯಿತು.

ಮತ್ತೆ ಮತ್ತೆ ಪ್ರಯತ್ನಿಸಿದರೂ ಸಿಗಲಿಲ್ಲ. ಬಂದರಿನವರಿಗೆ ತಿಳಿಸಿದೆ, ದೋಣಿ ಕಳಿಸುತ್ತೇವೆ, ಹೊತ್ತು ಹಿಡಿಯುತ್ತದೆ ಎಂದರು. ಗಿರಿಜೆ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು.

“ಸಾರ್, ಇಲ್ನೋಡಿ,” ಎಂದ ಶೆಡ್ಡಿನ ಮಾಲೀಕ ರಾಜಪ್ಪ.

ಹೊಸ ದೋಣಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದರ ಮೂತಿಯಿಂದ ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಬರುವಾಗ ನಾನು ದಾಟಿಯೇ ಬಂದಿದ್ದೆ. ಅಷ್ಟು ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಈಗ ಅದು ಎದೆಮಟ್ಟಕ್ಕೆ ಎದ್ದು ಬಿಗಿದು ನಿಂತಿತ್ತು. ದೋಣಿ ಜರುಗಿರಲಿಲ್ಲ. ಕಂಬ ವಾಲಿರಲಿಲ್ಲ. ಎರಡೂ ಗಂಟುಗಳು ಇದ್ದಲ್ಲೇ ಇದ್ದವು. ಹಗ್ಗ ಸಣ್ಣಗೆ ನಡುಗುತ್ತಿತ್ತು. ಅದರ ಎಳೆಗಳಿಂದ, ಹಿಂಡಿದ ಹಾಗೆ, ನೀರು ತೊಟ್ಟಿಕ್ಕುತ್ತಿತ್ತು.

“ಯಾರ್ ಸಾರ್ ಎಳೀತಿರೋದು?”

ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಕೈಯಿಟ್ಟು ಒತ್ತಿದೆ, ಹಗ್ಗ ಜಗ್ಗಲಿಲ್ಲ. ಗಿರಿಜೆ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗಿಟ್ಟಳು.

“ಉಪ್ಪು ಕಣಣ್ಣ.”

ಎಷ್ಟು ಹೊತ್ತು ಹಾಗಿತ್ತೆಂದು ಹೇಳಲಾರೆ. ಗಡಿಯಾರ ನೋಡುವುದು ತೋಚಲಿಲ್ಲ. ಆಮೇಲೆ ಅದು ಸಡಿಲವಾಗಿ ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಮಹದೇವ ದಡದಿಂದ ಫೋನ್ ಮಾಡಿದ.

“ಇನ್ಯಾರದೋ ಹಗ್ಗ ಬಂತು ಭಾವ, ಏನೂ ಕೇಳ್ದೆ ಕಟ್ಬುಟ್ಟೆ. ಮುಂದೆ ಯಾರು ಅಂತ ಕಾಣ್ಲಿಲ್ಲ, ಬರೀ ನೀರು ಎರಚ್ತಿತ್ತು. ದಡ ಸೇರಿ ಬಿಚ್ಚಾಣ ಅಂತ ಹೋದ್ರೆ ಹಗ್ಗಾನೇ ಇಲ್ಲ.”

ಕಂಪನಿಯವರನ್ನು ವಿಚಾರಿಸಿದೆ. ತಮ್ಮ ಬೋಟು ಅಷ್ಟರಲ್ಲಾಗಲೇ ವಾಪಸ್ ಬಂದಿತ್ತು ಎಂದರು. ಬಂದರಿನ ದೋಣಿ ಇನ್ನೂ ಹೊರಟೇ ಇರಲಿಲ್ಲ. ನೆನೆದು ಕುಗ್ಗಿ ಬಿಗಿದಿರಬಹುದೇ ಎಂದು ರಾಜಪ್ಪ ಅದೇ ಹಗ್ಗವನ್ನು ಉಪ್ಪುನೀರಲ್ಲಿ ನೆನೆಸಿ ನೋಡಿದ. ಒಂದು ಗೇಣೂ ಕುಗ್ಗಲಿಲ್ಲ. ಮಹದೇವನನ್ನು ಪಾರು ಮಾಡಿದವರಿಗೆ ಪಾಲು ಕೇಳುವ ಹಕ್ಕಿದೆ. ಇದುವರೆಗೆ ಯಾರೂ ಬಂದಿಲ್ಲ. ಬಂದರೆ ಏನು ಕೇಳುತ್ತಾರೋ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಗ್ಗ ಬಿಗಿದದ್ದನ್ನು ನನ್ನ ಜೊತೆ ನೋಡಿದವರು ಇಬ್ಬರು. ಕೇಳಬೇಕೆನ್ನುವವರಿಗೆ ರಾಜಪ್ಪ ಕಡಕೊಳದಲ್ಲೇ ಇದ್ದಾನೆ. ಗಿರಿಜೆ ಕಾರವಾರದಲ್ಲಿದ್ದಾಳೆ, ಆದರೆ ಗಂಡ ದೋಣಿ ನೀರಿಗಿಳಿಸಿದ ದಿನ, ಅವನು ತಿರುಗಿ ಬರುವ ತನಕ ಅವಳು ಯಾರ ಜೊತೆಗೂ ಮಾತನಾಡುವುದಿಲ್ಲ.