ಅರವತ್ತು ಕಿಲೋ ಕಬ್ಬು ಮತ್ತು ತಜ್ಞ ಸಂಖ್ಯೆ ಹದಿನಾಲ್ಕು

ಲೋಕ ನಿಂತಿರುವುದು ಪರಸ್ಪರ ನಂಬಿಕೆಯ ಮೇಲೆ ಎಂದು ನಮ್ಮ ಕನ್ನಡ ಶಾಲೆಯ ಮಾಸ್ತರರು ಕಲಿಸಿದ್ದರು. ಅವರು ಸಕ್ಕರೆ ಕಾರ್ಖಾನೆಗೆ ಎಂದೂ ಕಬ್ಬು ಹಾಕಿದವರಲ್ಲ.

1988ರ ಹಂಗಾಮಿನಲ್ಲಿ ನಾನು ಅಥಣಿ ಮತ್ತು ಕಾಗವಾಡದ ನಡುವಿನ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಲೇಬರ್ ಆಫೀಸರ್ ಆಗಿದ್ದೆ. ನೇಮಕಾತಿ, ರಜೆ, ನೋಟೀಸು, ಅಮಾನತು ಇವು ನನ್ನ ಖಾತೆ. ಅಂದರೆ ಕಾರ್ಖಾನೆಯಲ್ಲಿ ಯಾರಿಗೆ ಏನು ಕೆಟ್ಟದ್ದಾದರೂ ಅದರ ಕೆಳಗೆ ನನ್ನ ಸಹಿ ಇರುತ್ತಿತ್ತು. ಕಾರ್ಖಾನೆಯ ಹೆಸರು ಬೇಡ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಅದರಿಂದ ಉಪಯೋಗವಿಲ್ಲ.

ಕಬ್ಬಿನ ತೂಕ ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಚಕ್ಕಡಿ ಗೇಟಿನೊಳಗೆ ಬಂದೊಡನೆ ಎತ್ತುಗಳ ಸಮೇತ ಕಾಟಾದ ಮೇಲೆ, ಅಂದರೆ ವೇ-ಬ್ರಿಜ್ ಮೇಲೆ, ನಿಲ್ಲುತ್ತದೆ. ಇದು ತುಂಬಿದ ತೂಕ. ಆಮೇಲೆ ಯಾರ್ಡಿಗೆ ಹೋಗಿ ಕಬ್ಬು ಇಳಿಸಿ, ಮರಳುವಾಗ ಮತ್ತೆ ಎತ್ತುಗಳ ಸಮೇತ ಕಾಟಾ ಹತ್ತುತ್ತದೆ. ಇದು ಖಾಲಿ ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕಬ್ಬಿನ ತೂಕ. ಚೀಟಿಯ ಕೊನೆಯ ಸಾಲಿನಲ್ಲಿ ಆ ಅಂಕಿ ಇರುತ್ತದೆ. ರೈತ ನೋಡುವುದು ಅದೊಂದನ್ನೇ.

ಡಿಸೆಂಬರಿನಲ್ಲಿ ಕಾಗವಾಡ ಕಡೆಯ ಒಬ್ಬ ರೈತ ತನ್ನ ಚಕ್ಕಡಿಯನ್ನು ದಾರಿಯಲ್ಲಿನ ಖಾಸಗಿ ಕಾಟಾದಲ್ಲಿಯೂ ತೂಗಿಸಿದ, ಹೊಲಕ್ಕೆ ಹೋಗುವಾಗ ಖಾಲಿ ಚಕ್ಕಡಿ, ಕಬ್ಬು ಹೇರಿಕೊಂಡು ಬರುವಾಗ ತುಂಬಿದ ಚಕ್ಕಡಿ. ಅಲ್ಲಿ ಕಬ್ಬು 2,140 ಕಿಲೋ. ನಮ್ಮ ಚೀಟಿಯಲ್ಲಿ 2,080. ಸುದ್ದಿ ಹಬ್ಬಿ ಇನ್ನೂ ಹತ್ತಾರು ಮಂದಿ ಹಾಗೇ ಮಾಡಿದರು. ಪ್ರತಿ ಚಕ್ಕಡಿಗೂ ಐವತ್ತರಿಂದ ಎಪ್ಪತ್ತು ಕಿಲೋ ಕಡಿಮೆ. ಟ್ರ್ಯಾಕ್ಟರುಗಳ ತೂಕ ಮಾತ್ರ ಸರಿ ಬರುತ್ತಿತ್ತು. ಬಡ ಚಕ್ಕಡಿಯವರನ್ನಷ್ಟೇ ಆರಿಸಿ ಮೋಸ ಮಾಡುವ ಕಳ್ಳ ಒಳಗಿದ್ದಾನೆ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಕಾಟಾದ ಗುಮಾಸ್ತ ಬಾಳಪ್ಪ ಕೊಕಟನೂರಿನವನು. ಇಪ್ಪತ್ತಾರರ ವಯಸ್ಸು. ಕುರಿ ಕಾಯ್ದುಕೊಂಡು ಬಂದ ಮನೆತನ. ಅವರ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಿದ ಮೊದಲ ಮನುಷ್ಯ ಅವನೇ. ಆ ಹಂಗಾಮಿಗೆ ಹೊಸದಾಗಿ ಸೇರಿದ್ದ. ಹೋದ ವರ್ಷ ತೂಕ ಸರಿಯಿತ್ತು, ಈ ವರ್ಷ ಬಾಳಪ್ಪ ಬಂದ, ತೂಕ ಕಡಿಮೆಯಾಯಿತು. ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಆಡಳಿತ ಮಂಡಳಿಗೆ ಬೇಕಿರಲಿಲ್ಲ. ಅಮಾನತಿನ ಆದೇಶಕ್ಕೆ ನಾನು ಸಹಿ ಹಾಕಿದೆ. ಅಂದು ನನಗೂ ಸಂಶಯವಿರಲಿಲ್ಲ. ಅವನೇ ಕದ್ದಿದ್ದಾನೆ ಎಂದೇ ತಿಳಿದಿದ್ದೆ.

ಅವನ ಜಾಗಕ್ಕೆ ಬೇರೊಬ್ಬನನ್ನು ಕೂರಿಸಿದೆವು. ತೂಕ ಮತ್ತೂ ಕಡಿಮೆಯೇ ಬಂತು. ವಿವೇಕವುಳ್ಳ ಮಂಡಳಿಯಾಗಿದ್ದರೆ ಬಾಳಪ್ಪ ನಿರ್ದೋಷಿ ಎನ್ನುತ್ತಿತ್ತೇನೋ. ನಮ್ಮದು ಕಳ್ಳರು ಇಬ್ಬರು ಎಂದು ತೀರ್ಮಾನಿಸಿತು.

ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಕಾಟಾ ಪರೀಕ್ಷಿಸಿ ಸರಿ ಇದೆ ಎಂದು ಬರೆದುಕೊಟ್ಟರು. ಆದರೆ ಅವರು ನಮ್ಮ ಗೆಸ್ಟ್ ಹೌಸಿನಲ್ಲಿ ಊಟ ಮಾಡಿದ್ದನ್ನು ನಾಲ್ಕು ಜನ ನೋಡಿದ್ದರು. ಆಮೇಲೆ ಒಬ್ಬೊಬ್ಬ ನಿರ್ದೇಶಕನೂ ತನಗೆ ಗೊತ್ತಿದ್ದ ಪರಿಣತನೊಬ್ಬನ ಹೆಸರು ಹೇಳಿದ. ಪ್ರತಿ ಪರಿಣತನೂ ಯಾರದೋ ಅಳಿಯ, ಯಾರದೋ ಬೀಗ. ಕಡೆಗೆ ಚೇರಮನ್‌ರು ನನ್ನನ್ನು ಕರೆದು, "ನಮ್ಮ ಪೈಕಿ ಯಾರಿಗೂ ಏನೂ ಆಗಲಾರದಾಂವ ಒಬ್ಬನ್ನ ಹುಡಕ್ರಿ" ಎಂದರು. ನಿಪ್ಪಾಣಿಯಿಂದ ರಾಯಬಾಗದವರೆಗೆ ಅಂಥ ಮನುಷ್ಯ ಸಿಗುವುದು ಅಸಾಧ್ಯವೆಂದು ಇಬ್ಬರಿಗೂ ಗೊತ್ತಿತ್ತು.

ಆಗ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ನೋಡಿದ್ದ ಜಾಹೀರಾತು ನೆನಪಾಯಿತು. ಪುಣೆಯ ಒಂದು ಏಜೆನ್ಸಿ. ಸಕ್ಕರೆ, ಕಾಗದ, ಸಿಮೆಂಟ್ ಕಾರ್ಖಾನೆಗಳಿಗೆ ಫ್ರೀಲಾನ್ಸ್ ತಜ್ಞರನ್ನು ಒದಗಿಸುವುದಷ್ಟೇ ಅದರ ಕಸುಬು. ಫ್ರೀಲಾನ್ಸ್ ಎಂದರೆ ಯಾವ ಕಂಪನಿಯ ಕಾಯಂ ನೌಕರನೂ ಅಲ್ಲದೆ, ಕರೆದಲ್ಲಿಗೆ ಹೋಗಿ ಒಪ್ಪಿದ ಕೆಲಸ ಮುಗಿಸಿ ಬರುವವನು ಎಂದು ಮಂಡಳಿಗೆ ವಿವರಿಸಿದೆ.

ಯಡೂರ ಕಡೆಯ ನಿರ್ದೇಶಕ ರಾವಸಾಬರು ತಲೆ ಅಲ್ಲಾಡಿಸಿದರು. ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಒಕ್ಕಲುತನ ಅವರದು. ರೈತರ ಪರ ಗಟ್ಟಿಯಾಗಿ ಮಾತಾಡುವವರು. ಬಾಳಪ್ಪನನ್ನು ತೆಗೆಯಬೇಕೆಂದು ಮೊದಲು ಪಟ್ಟು ಹಿಡಿದವರೂ ಅವರೇ.

"ತಜ್ಞ ಅಂತೀರಿ, ಒಂದ ಕಾಯಂ ನೌಕರಿ ಇಲ್ಲಂದ್ರ ಅಂವ ಎಲ್ಲೆಲ್ಲಿಂದ ಓಡಿ ಬಂದಾನೋ ಏನೋ" ಎಂದರು.

"ಓಡಿ ಬಂದವರನ್ನ ಏಜೆನ್ಸಿಯವರು ಇಟಗೋಳ್ಳೂದಿಲ್ರಿ" ಎಂದೆ.

"ಏಜೆನ್ಸಿಯವರು ಎಲ್ಲಿಂದ ಓಡಿ ಬಂದಾರ ಅದನ್ನೂ ನೋಡ್ರಿ."

ಏಜೆನ್ಸಿಯಿಂದ ನಾಲ್ಕು ಪುಟದ ಫಾರ್ಮು ಬಂತು. ಹನ್ನೊಂದನೆಯ ಕಾಲಮಿನಲ್ಲಿ 'ಅಪೇಕ್ಷಿತ ಫಲಿತಾಂಶ' ಎಂದಿತ್ತು. ಅದರ ಮೇಲೆ ಮಂಡಳಿಯಲ್ಲಿ ಒಂದೂವರೆ ತಾಸು ಚರ್ಚೆ ನಡೆಯಿತು. "ಕಳ್ಳ ಸಿಗಬೇಕು ಅಂತ ಬರೀರಿ" ಎಂದರು ರಾವಸಾಬರು. 'ತೂಕದ ಕೊರತೆಯ ಕಾರಣ' ಎಂದು ಬರೆದು ಕಳಿಸಿದೆ. ಮೂರು ಬಯೋಡೇಟಾ ಬಂದವು. ಹೆಸರುಗಳ ಮೇಲೆ ಕಪ್ಪು ಮಸಿ ಎಳೆದು ಬರೀ ಸಂಖ್ಯೆ ಕೊಟ್ಟಿದ್ದರು. ನಿರ್ದೇಶಕರು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅಡ್ಡಹೆಸರು ಓದಲು ಪ್ರಯತ್ನಿಸಿದರು. ಹದಿನಾಲ್ಕನೆಯ ಸಂಖ್ಯೆಯದು ಯಾರಿಗೂ ಕಾಣಲಿಲ್ಲ. ಅವನನ್ನೇ ಆರಿಸಲಾಯಿತು.

ಜನವರಿಯ ಎರಡನೆಯ ವಾರ ಆ ಹದಿನಾಲ್ಕು ನಮ್ಮ ಗೇಟಿಗೆ ಬಂದಿತು. ಹೆಸರು ಲಿಮಯೆ. ತೆಳ್ಳನೆಯ ಮನುಷ್ಯ, ಕನ್ನಡಕ, ಹೆಗಲಿಗೆ ಒಂದು ಖಾದಿ ಚೀಲ, ಕೈಯಲ್ಲಿ ಥರ್ಮಾಸ್. ಕುಡಚಿ ಸ್ಟೇಷನ್ನಿಗೆ ಜೀಪು ಕಳಿಸಿದ್ದೆ. ಅದನ್ನು ಬಿಟ್ಟು ಬಸ್ಸು ಹಿಡಿದು ಬಂದಿದ್ದರು. ಗೆಸ್ಟ್ ಹೌಸೂ ಬೇಡವೆಂದು ಅಥಣಿಯ ಲಾಡ್ಜಿನಲ್ಲಿ ಇಳಿದಿದ್ದರು. ಮಾತು ಮರಾಠಿ, ಕನ್ನಡ ಬರುತ್ತಿತ್ತು, ಆದರೆ ಅಳೆದು ಖರ್ಚು ಮಾಡುತ್ತಿದ್ದರು.

ಮೊದಲ ತಾಸಿನಲ್ಲೇ ಅನಾಹುತವಾಯಿತು. ವಾಚ್‌ಮನ್ ಚಹಾ ತರಿಸಿದ. "ನಕೊ" ಎಂದರು, ಅಂದರೆ ಬೇಡ. ನಾನು ತರಿಸಿದೆ. "ನಕೊ." ರಾವಸಾಬರು ಸ್ವತಃ ಕಪ್ಪು ಹಿಡಿದು ಮುಂದೆ ನಿಂತರು. "ನಕೊ." ಕೈ ಮುಗಿದು, ತಮ್ಮ ಥರ್ಮಾಸಿನಿಂದ ಅರ್ಧ ಲೋಟ ಬಗ್ಗಿಸಿಕೊಂಡು ಕುಡಿದರು. ಏಜೆನ್ಸಿಯ ಕರಾರಿನ ಏಳನೆಯ ಕಲಮಿನಲ್ಲಿ ತಜ್ಞರು ಯಾರ ಆತಿಥ್ಯವನ್ನೂ ಸ್ವೀಕರಿಸತಕ್ಕದ್ದಲ್ಲ ಎಂದಿತ್ತು. ಅದಕ್ಕೆ ಸಹಿ ಮಾಡಿದವನು ನಾನೇ. ಆದರೆ ನಮ್ಮ ಭಾಗದಲ್ಲಿ ಚಹಾ ಆತಿಥ್ಯವಲ್ಲ, ಉಸಿರಾಟ.

ಗೇಟಿನ ಎದುರು ಚಹಾ ಅಂಗಡಿ ಇಟ್ಟಿದ್ದ ಮಲ್ಲೂ ಅಂದೇ ತೀರ್ಪು ಕೊಟ್ಟ: "ನಮ್ಮ ಚಾ ಒಲ್ಲೆ ಅಂತಾನಂದ್ರ ಬ್ಯಾರೆ ಯಾರದೋ ಚಾ ಕುಡದ ಬಂದಾನ."

ಸಂಜೆಯ ಹೊತ್ತಿಗೆ ಅವರು ಕಾರ್ಖಾನೆಯ ಚಹಾ ಕುಡಿದಿದ್ದಾರೆಂದು ರೈತರೂ, ರೈತರ ಚಹಾ ಕುಡಿದಿದ್ದಾರೆಂದು ಕಾರ್ಖಾನೆಯವರೂ ನಂಬಿಯಾಗಿತ್ತು. ನನಗೂ ತಡೆಯದೆ ಪುಣೆಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಬಂದ ಮನುಷ್ಯ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ ಎಂದು ಕೇಳಿದೆ.

"ಚಹಾ ಕುಡಿದರೇ?" ಎಂದಿತು ಮರಾಠಿ ದನಿ.

"ಇಲ್ಲ."

"ಹಾಗಾದರೆ ನಮ್ಮವರೇ." ಲೈನ್ ಕಡಿದುಹೋಯಿತು.

ಮರುದಿನ ಲಿಮಯೆ ಕಾಟಾ ಪರೀಕ್ಷಿಸಿದರು. ಇಪ್ಪತ್ತು ಕಿಲೋದ ಐವತ್ತು ತೂಕದ ಕಲ್ಲುಗಳು, ಅಂದರೆ ಒಂದು ಟನ್. ಕಾಟಾದ ನಾಲ್ಕು ಮೂಲೆಗಳಲ್ಲೂ ನಡುವೆಯೂ ಒಂದೊಂದು ಸಲ ಒಟ್ಟಿಸಿದರು. ಐದು ಕಿಲೋ ಕೂಡ ಆಚೀಚೆ ಆಗಲಿಲ್ಲ. ಆಮೇಲೆ ರೈತರ ಖಾಸಗಿ ಕಾಟಾದ ಚೀಟಿಗಳನ್ನು ತರಿಸಿಕೊಂಡು ನಮ್ಮ ಚೀಟಿಗಳ ಪಕ್ಕ ಇಟ್ಟರು. ತುಂಬಿದ ತೂಕ ಎರಡೂ ಕಡೆ ಒಂದೇ. ಖಾಲಿ ತೂಕ ಮಾತ್ರ ನಮ್ಮಲ್ಲಿ ಅರವತ್ತು ಕಿಲೋದಷ್ಟು ಹೆಚ್ಚು.

ಇದು ಬಾಳಪ್ಪನ ಕುತ್ತಿಗೆಗೆ ಬಂತು. ಯಂತ್ರ ಸರಿ ಇದ್ದು ಖಾಲಿ ತೂಕ ಹೆಚ್ಚು ಬರೆದಿದೆಯೆಂದರೆ ಬರೆದ ಕೈಯೇ ಕಳ್ಳಗೈ. ಶನಿವಾರದ ಸಭೆಯಲ್ಲಿ ಅವನನ್ನು ವಜಾ ಮಾಡಿ ಪೊಲೀಸರಿಗೆ ಒಪ್ಪಿಸುವುದೆಂದು ರಾವಸಾಬರು ಹೇಳಿದರು. ಆದೇಶದ ಕರಡು ಸಿದ್ಧ ಮಾಡಿದೆ.

ಗುರುವಾರ ಬೆಳಿಗ್ಗೆ ಬಾಳಪ್ಪ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ, ಕಟ್ಟೆಯ ಹತ್ತಿರವೇ ನಿಂತ.

"ಸಾಹೇಬ್ರ, ಕದ್ದದ್ದ ಎಲ್ಲಿಯರ ಇರಬೇಕಲ್ರಿ. ಮನೀಗಿ ಬಂದ ನೋಡ್ರಿ. ಹನ್ನೆರಡ ಕುರಿ ಅದಾವ. ಹೋದ ವರ್ಷನೂ ಹನ್ನೆರಡ ಇದ್ದೂ."

ಕೂತುಕೋ ಎಂದೆ. ಅವನು ಕೂರಲಿಲ್ಲ.

"ನಮ್ಮವ್ವ ನೀರಿಗಿ ಹೋಗೂದ ಬಿಟ್ಟಾಳ್ರಿ. ಬಾವೀ ಹತ್ರ ಹೆಣ್ಮಕ್ಕಳು ತೂಕ ಹ್ಯಾಂಗ ಅಂತ ಕೇಳಾಕತ್ತಾರ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅವನ ಮಾತು ನಂಬಿದೆ ಎಂದರೆ ಸುಳ್ಳಾಗುತ್ತದೆ. ಕಳ್ಳರೂ ಹೀಗೇ ಹೇಳುತ್ತಾರೆ ಎಂದು ಯೋಚಿಸಿದೆ.

ಅಂದು ಮಧ್ಯಾಹ್ನ ಮಲ್ಲೂ ಓಡಿ ಬಂದು, ಲಿಮಯೆ ಕಾಟಾ ಬಿಟ್ಟು ಯಾರ್ಡಿನ ಮೂಲೆಯಲ್ಲಿ ಚಕ್ಕಡಿಯವರ ಜೊತೆ ಎರಡು ತಾಸಿನಿಂದ ಕುಳಿತಿದ್ದಾರೆ ಎಂದ. ಅವರಲ್ಲಿ ಕೊಕಟನೂರಿನವರೂ ಇದ್ದಾರೆಂದು ಸೇರಿಸಿದ. ತಜ್ಞ ಬಾಳಪ್ಪನ ಕಡೆಯವನಾದ ಎಂದುಕೊಂಡೆ. ಹದಿನೇಳು ವರ್ಷ ಸರ್ವಿಸಿನ, ಕನ್ನಡಕ ಹಾಕಿದ ಲೇಬರ್ ಆಫೀಸರನೊಬ್ಬ ಟ್ರ್ಯಾಕ್ಟರಿನ ಹಿಂದೆ ಬಗ್ಗಿ ನಿಂತು ನೋಡುವುದು ಶೋಭಿಸುವುದಿಲ್ಲ. ನಾನು ಹಾಗೇ ನಿಂತು ನೋಡಿದೆ.

ಅಲ್ಲಿ ಕಲ್ಲಿನ ಒಂದು ನೀರಿನ ತೊಟ್ಟಿ ಇತ್ತು. ಚಕ್ಕಡಿಯವರು ಎತ್ತು ಬಿಚ್ಚಿ ಕಬ್ಬು ಇಳಿಸುವಷ್ಟರಲ್ಲಿ ಎತ್ತುಗಳು ಅಲ್ಲಿ ನೀರು ಕುಡಿಯುತ್ತಿದ್ದವು. ಲಿಮಯೆ ಬಕೆಟ್ಟಿನಿಂದ ನೀರು ಕುಡಿಸುತ್ತ, ಪ್ರತಿ ಬಕೆಟ್ಟಿಗೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು.

"ಇಷ್ಟು ಕುಡಿತಾವು?" ಎಂದು ಒಬ್ಬ ಮುದುಕ ಗಾಡಿಯವನನ್ನು ಕೇಳಿದರು.

"ಬೆಳಗ ಹರಿಯೂಕಿಂತ ಮೊದಲ ಹೂಡೇವ್ರಿ. ಬಿಸಲಾಗ ಪಾಳೆಕ್ಕ ನಿಂತ ನಿಂತ ಬಂದಾವ. ನೀವಾದ್ರ ಎಷ್ಟ ಕುಡೀತಿದ್ರಿ?"

ಲಿಮಯೆ ನಗಲಿಲ್ಲ. ಆ ಪ್ರಶ್ನೆಯನ್ನೂ ಬರೆದುಕೊಂಡಂತೆ ಕಂಡಿತು. ನಂತರ ಏಳು ಖಾಲಿ ಚಕ್ಕಡಿಗಳನ್ನು, ಎತ್ತುಗಳು ನೀರು ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ ಕಾಟಾಕ್ಕೆ ಹತ್ತಿಸಿದರು. ವ್ಯತ್ಯಾಸ ಐವತ್ತರಿಂದ ಎಪ್ಪತ್ತು ಕಿಲೋ. ಮಧ್ಯೆ ಎತ್ತುಗಳು ಹಾಕಿದ ಸಗಣಿಯ ಲೆಕ್ಕವೂ ಅವರ ಪುಸ್ತಕದಲ್ಲಿ ಬೇರೆ ಅಂಕಣದಲ್ಲಿತ್ತು.

ವಿಷಯ ಇಷ್ಟೇ. ಹಿಂದಿನ ವರ್ಷಗಳಲ್ಲಿ ತೊಟ್ಟಿ ಮುಂಗೇಟಿನ ಹೊರಗಿತ್ತು. ಎತ್ತುಗಳು ಕುಡಿದೇ ಒಳಗೆ ಬರುತ್ತಿದ್ದವು. ನೀರಿನ ಭಾರ ಎರಡೂ ತೂಕದಲ್ಲಿ ಸೇರಿ ವಜಾ ಆಗಿಬಿಡುತ್ತಿತ್ತು. ಲಾರಿಗಳಿಗೆ ಜಾಗ ಬೇಕೆಂದು ಅದನ್ನು ಕೆಡವಿದ ಮೇಲೆ, ಆ ವರ್ಷ ಯಾರ್ಡಿನೊಳಗೆ ಹೊಸದು ಕಟ್ಟಿಸಲಾಗಿತ್ತು. ಈಗ ಎತ್ತುಗಳು ಎರಡು ತೂಕಗಳ ನಡುವೆ ಕುಡಿಯುತ್ತಿದ್ದವು. ಕುಡಿದಷ್ಟೂ ಕಬ್ಬಿನಿಂದ ಕಡಿತ. ಟ್ರ್ಯಾಕ್ಟರುಗಳು ಆ ತೊಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ.

ತೊಟ್ಟಿಯ ಮೇಲೊಂದು ಬಿಳಿ ಕಲ್ಲು. ಅದರ ಮೇಲೆ ರಾವಸಾಬರ ತಾಯಿಯ ಹೆಸರು. ಅವರ ಪುಣ್ಯತಿಥಿಯಂದು ಮಗ ದಾನ ಕೊಟ್ಟದ್ದು.

ಶನಿವಾರದ ಸಭೆಯನ್ನು ಲಿಮಯೆ ಮಧ್ಯಾಹ್ನ ಎರಡಕ್ಕೆ ಯಾರ್ಡಿನಲ್ಲಿಯೇ ಕರೆಯಿಸಿದರು. ರಾವಸಾಬರ ಸ್ವಂತ ಚಕ್ಕಡಿ, ಸ್ವಂತ ಎತ್ತುಗಳನ್ನೇ ಕೇಳಿ ಪಡೆದರು. ನೀರಿಗೆ ಮೊದಲು ತೂಕ, ನೀರಾದ ಮೇಲೆ ತೂಕ. ಅರವತ್ತೈದು ಕಿಲೋ. ರಾವಸಾಬರು ಕಾಟಾದ ಮುಳ್ಳನ್ನು ಎರಡು ಸಲ ಬಗ್ಗಿ ನೋಡಿದರು. ಆಮೇಲೆ ತೊಟ್ಟಿಯ ಕಲ್ಲಿನ ಕಡೆ ನೋಡಿದರು.

"ನಮ್ಮವ್ವ ಸಾಯೂತನಕ ಮತ್ತೊಬ್ಬರದ ಒಂದ ಕಾಳ ಮುಟ್ಟಲಿಲ್ಲ" ಎಂದರು. "ಸತ್ತಮ್ಯಾಲ ಊರ ಕಬ್ಬ ಕದ್ಲು ಅಂತ ಬರೀತೀರೇನ್ರಿ?"

ಲಿಮಯೆ ತಮ್ಮ ವರದಿಯನ್ನು ಅವರ ಕೈಗೆ ಕೊಟ್ಟರು. ಕಾರಣ ಎಂಬ ಶೀರ್ಷಿಕೆಯ ಮುಂದೆ ಒಂದೇ ಶಬ್ದವಿತ್ತು: ನೀರು. ತೊಟ್ಟಿ ಕಟ್ಟಿಸಿದವರ ಹೆಸರು ಎಲ್ಲೂ ಇರಲಿಲ್ಲ.

ರಾವಸಾಬರು ಅದನ್ನು ಮಡಚಿ ನನಗೆ ಕೊಟ್ಟರು. "ತೊಟ್ಟಿ ಹೊರಗೇಟಿನ ಆಚೀ ಕಡೆ ಸರಸ್ರಿ. ಕಲ್ಲ ಒಡೀಬ್ಯಾಡ್ರಿ." ಸ್ವಲ್ಪ ತಡೆದು, "ಆ ಹುಡುಗನ ಮನೀಗಿ ನಾನ ಹೋಗಿ ಬರ್ತೀನಿ" ಎಂದರು. ಹೋದರು ಕೂಡ. ಅಲ್ಲಿ ಏನು ಮಾತಾಯಿತು ಎಂದು ಇಬ್ಬರೂ ನನಗೆ ಹೇಳಲಿಲ್ಲ.

ಲಿಮಯೆ ಅದೇ ದಿನ ಸಂಜೆಯ ಬಸ್ಸಿಗೆ ಹೋದರು. ಮುಂದೆ ಎಂಟು ವರ್ಷ ನಾನು ಎಷ್ಟೋ ಕೆಲಸಗಳಿಗೆ ಏಜೆನ್ಸಿಗಳಿಂದ ಜನರನ್ನು ಕರೆಸಿದೆ. ಹೊರಗಿನವನನ್ನು ಕರೆಸುವುದು ಅವನಿಗೆ ನಮಗಿಂತ ಹೆಚ್ಚು ಗೊತ್ತಿದೆ ಎಂದಲ್ಲ; ಯಾರ ಮೇಲೆ ಸಂಶಯಪಡಬೇಕು ಎಂಬುದು ಅವನಿಗೆ ಗೊತ್ತಿರುವುದಿಲ್ಲ ಎಂದು. ನಾವೆಲ್ಲ ಯಾರು ಕದ್ದರು ಎಂದು ಕೇಳುತ್ತಿದ್ದೆವು. ಅವರು ಅರವತ್ತು ಕಿಲೋ ಎಲ್ಲಿ ಸೇರಿತು ಎಂದು ಕೇಳಿದರು. ಅಮಾನತಿನ ಆದೇಶಕ್ಕೆ ಸಹಿ ಹಾಕುವ ಮೊದಲು ಆ ಎರಡನೆಯ ಪ್ರಶ್ನೆ ಕೇಳುವುದನ್ನು ಆಮೇಲೆ ರೂಢಿ ಮಾಡಿಕೊಂಡೆ. ಬಾಳಪ್ಪನ ವಿಷಯದಲ್ಲಿ ಅದನ್ನು ಕೇಳಿರಲಿಲ್ಲ.

ಹನ್ನೊಂದು ದಿನಗಳಲ್ಲಿ ತೊಟ್ಟಿಯನ್ನು ಖಾಲಿ ಚಕ್ಕಡಿಗಳು ತೂಕ ಮುಗಿಸಿ ಹೊರಹೋಗುವ ಹೊರಗೇಟಿನ ಆಚೆ ಕಟ್ಟಲಾಯಿತು. ಅದಾದ ಮೇಲೆ ಚಕ್ಕಡಿಗಳ ತೂಕದ ಬಗ್ಗೆ ಆ ಹಂಗಾಮಿನಲ್ಲಿ ದೂರು ಬರಲಿಲ್ಲ. ಬಾಳಪ್ಪನ ಅಮಾನತು ರದ್ದಾಯಿತು. ಸಭೆಯ ನಂತರದ ಬುಧವಾರ ಬೆಳಗಿನ ಪಾಳಿಗೆ ಅವನು ಕಾಟಾದ ಕುರ್ಚಿಯಲ್ಲಿ ಕುಳಿತ.