ಮಿಜಾರಿನ ಶೋ ಕಿಚನ್ ಚಿಮ್ನಿ

೨೦೦೪ರಲ್ಲಿ ನಾನು ಬಿ.ಸಿ. ರೋಡಿನ ಒಂದು ಅಂಗಡಿಯಲ್ಲಿ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರೂ ಕಡೆಯ ಅಡಿಗೆಮನೆ ಚಿಮ್ನಿಗಳು ನನ್ನ ಪಾಲಿಗೆ. ಆಗ ನಮ್ಮ ಕಡೆ ಚಿಮ್ನಿ ಹೊಸತು. ಹೊಗೆ ಹೋಗಲಿ ಎಂದು ಕೊಳ್ಳುವವರಿಗಿಂತ ನೆಂಟರಿಗೆ ತೋರಿಸಲು ಕೊಳ್ಳುವವರೇ ಹೆಚ್ಚು. ದುಬೈ ಹೋಟೆಲುಗಳಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿ ಬಂದ ನನಗೆ ಈ ಡೌಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಚಿಮ್ನಿಯಲ್ಲಿ ಎರಡು ವಿಧ. ಒಂದರಲ್ಲಿ ಗೋಡೆ ಕೊರೆದು, ಪೈಪು ಹಾಕಿ ಹೊಗೆಯನ್ನು ಹೊರಗೆ ಬಿಡುತ್ತೇವೆ. ಇನ್ನೊಂದು ಡಕ್ಟ್‌ಲೆಸ್, ಪೈಪೇ ಇಲ್ಲದ್ದು. ಅದರ ಕೆಳಗಿನ ಲೋಹದ ಜಾಲರಿ ಎಣ್ಣೆಜಿಡ್ಡು ಹಿಡಿಯುತ್ತದೆ. ಒಳಗೆ ಕಾರ್ಬನ್ ಫಿಲ್ಟರ್, ಅಂದರೆ ಇದ್ದಿಲಿನ ಕಾಳು ತುಂಬಿದ ಬಿಲ್ಲೆ, ವಾಸನೆ ಹೀರಿಕೊಂಡು ಗಾಳಿಯನ್ನು ಪುನಃ ಅದೇ ಕೋಣೆಗೆ ಬಿಡುತ್ತದೆ. ಜಾಲರಿಯನ್ನು ತೊಳೆಯಬಹುದು, ಕಾರ್ಬನ್ನನ್ನು ತೊಳೆಯುವ ಹಾಗಿಲ್ಲ. ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಮಿಜಾರಿನ ಶೇಖರ ಕಂಟ್ರಾಕ್ಟರರ ಹೊಸ ಮನೆಗೆ ಇಂಥದ್ದೊಂದನ್ನು ನಾನೇ ಕೂರಿಸಿದ್ದೆ. ಎರಡು ಸಲ ಫಿಲ್ಟರ್ ಬದಲಿಸಿಯೂ ಬಂದಿದ್ದೆ. ಒಂದೂವರೆ ವರ್ಷದ ಮೇಲೆ ಅವರು ನಮ್ಮ ಅಂಗಡಿಯ ಸಾಹುಕಾರರಿಗೆ ಫೋನ್ ಮಾಡಿ ಹಾರಾಡಿದರಂತೆ. ಫಿಲ್ಟರ್ ಡೂಪ್ಲಿಕೇಟ್, ಹೆಂಡತಿಗೆ ದಮ್ಮು ಜೋರಾಗಿದೆ, ಆ ಹಮೀದನ ಮೇಲೆ, ಅಂದರೆ ನನ್ನ ಮೇಲೆ, ಕಂಪನಿಗೇ ಬರೆಯುತ್ತೇನೆ ಎಂದು.

ಸಾಹುಕಾರರು ನನ್ನ ಮುಖ ಸಹ ನೋಡಲಿಲ್ಲ. "ನೀನೇ ಹೋಗಿ ಸರಿ ಮಾಡು. ಕಂಪ್ಲೇಂಟ್ ಕಂಪನಿಗೆ ಹೋದ್ರೆ ನಾಳೆಯಿಂದ ಬರ್ಲಿಕ್ಕಿಲ್ಲ."

ಹನ್ನೊಂದು ಗಂಟೆಗೆ ಮಿಜಾರಿಗೆ ತಲುಪಿದೆ. ಚಿಮ್ನಿ ಮೂರನೇ ಸ್ಪೀಡಿನಲ್ಲಿ ಬೊಬ್ಬೆ ಹೊಡೆಯುತ್ತಿತ್ತು. ಕೆಳಗಿನ ಗ್ಯಾಸ್ ಒಲೆ ತಣ್ಣಗಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ! ಜಾಲರಿ ಬಿಚ್ಚಿ ನನ್ನ ಬಿಳಿ ಕರವಸ್ತ್ರದಿಂದ ಉಜ್ಜಿದೆ. ಒಂದು ಕಲೆಯೂ ಇಲ್ಲ.

"ಶೇಖರಣ್ಣ, ಇದರ ಅಡಿಯಲ್ಲಿ ಯಾರೂ ಒಂದು ಒಗ್ಗರಣೆ ಸಹ ಹಾಕ್ಲಿಲ್ಲ."

"ಇಲ್ಲಿ ಯಾಕೆ ಹಾಕುದು? ಕಪಾಟೆಲ್ಲ ಜಿಡ್ಡಾಗುದಿಲ್ವಾ? ಅಡಿಗೆ ಎಲ್ಲ ಹಿಂದೆ. ಇದನ್ನು ನಾನು ಬೆಳಿಗ್ಗೆಯಿಂದ ಫುಲ್ ಇಡ್ತೇನೆ. ಮನೆಯ ಹೊಗೆ ಎಲ್ಲ ಎಳೀಬೇಕಲ್ಲ ಮಾರಾಯ?"

ಊರಿಗೆಲ್ಲ ಮನೆ ಕಟ್ಟಿಸಿ ಕೊಡುವ ಮನುಷ್ಯ! ಮಧ್ಯೆ ಎರಡು ಗೋಡೆ, ಒಂದು ಮುಚ್ಚಿದ ಬಾಗಿಲು. ಬುದ್ಧಿಯನ್ನು ಸಿಮೆಂಟಿನ ಜೊತೆ ಕಲಸಿಬಿಟ್ಟಿದ್ದಾನೋ ಏನೋ ಎಂದುಕೊಂಡು ಹಿಂದಕ್ಕೆ ಹೋದೆ. ಶೀಟು ಹೊದೆಸಿದ ಗಿಡ್ಡ ಕೋಣೆ, ಸೌದೆ ಒಲೆ, ಬಾಣಲೆಯಲ್ಲಿ ಬಂಗುಡೆ. ಅವರ ಹೆಂಡತಿ ಸುನಂದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೀನು ಮಗುಚುತ್ತಿದ್ದರು. ಇನ್ನೊಂದು ಕೈಯಲ್ಲಿ ದಮ್ಮಿನ ಪಂಪು, ಇನ್ಹೇಲರ್.

ಅಲ್ಲಿ ನನ್ನ ಮೇಲೂ ನನಗೆ ಹೇಸಿಗೆಯಾಯಿತು. ಎರಡು ಸಲವೂ ಹೊಸತಿನಂಥ ಫಿಲ್ಟರನ್ನು ಬಿಚ್ಚಿ, ಸರ್ವಿಸ್ ಕಾರ್ಡಿನಲ್ಲಿ 'ಓಕೆ' ಎಂದು ಬರೆದು ಸಹಿ ಹಾಕಿಸಿಕೊಂಡಿದ್ದೆ. ಈ ಅಕ್ಕ ತಂದುಕೊಟ್ಟ ಚಾ ಕುಡಿದಿದ್ದೆ. ಆ ಚಾ ಯಾವ ಒಲೆಯಿಂದ ಬಂತು ಎಂದು ಕೇಳುವ ಬುದ್ಧಿ ದುಬೈ ರಿಟರ್ನ್ ಟೆಕ್ನಿಷಿಯನ್ನನಿಗೆ ಬರಲಿಲ್ಲ.

ಮುಂದಿನ ಅಡಿಗೆಮನೆಗೆ ವಾಪಸು ಬಂದೆ. "ಶೇಖರಣ್ಣ, ಇದನ್ನು ಬಿಚ್ಚಿ ಹಿಂದೆ ಹಾಕುವ. ಗ್ಯಾಸ್ ಒಲೆಯೂ ಅಲ್ಲಿಗೇ ಬರ್ಲಿ. ಈ ಮಾಡೆಲಿಗೆ ಪೈಪೂ ಕೂರ್ತದೆ, ಗೋಡೆ ಕೊರೆದು ಹೊರಗೆ ಬಿಡ್ತೇನೆ, ಮತ್ತೆ ಕಾರ್ಬನ್ ಬೇಡವೇ ಬೇಡ."

"ಹುಚ್ಚಾ ನಿನಗೆ? ಕಿಚನಿನ ಶೋ ಹೋಗ್ತದೆ. ನೀನು ಒಳ್ಳೆ ಫಿಲ್ಟರ್ ಹಾಕಿ ಹೋಗು. ಇಲ್ಲದಿದ್ರೆ ನಾನು ಬರೆಯುವುದೇ."

ನಾನು ಹೊಸ ಫಿಲ್ಟರನ್ನು ಕೈಯಲ್ಲಿ ಹಿಡಿದು ನಿಂತೆ. ಹಾಕಿದರೆ ಕೆಲಸ ಉಳಿಯುತ್ತಿತ್ತು. ಅಷ್ಟರಲ್ಲಿ ಸುನಂದಕ್ಕ ಬಾಗಿಲಿಗೆ ಬಂದರು. ಎರಡೆರಡು ಶಬ್ದಕ್ಕೆ ನಿಂತು ಉಸಿರೆಳೆಯುತ್ತಾ ಹೇಳಿದರು:

"ಶೋ ಹೋದ್ರೆ ಹೋಗ್ಲಿ. ನಾನು ಹೋದ್ರೆ ಇವರಿಗೆ ಮೀನು ಕಾಯಿಸುದು ಯಾರು, ಈ ಮೆಶಿನಾ? ನೀನು ಕೊರೆ ಹಮೀದ್."

ಕಂಟ್ರಾಕ್ಟರರು ಒಲೆಯ ಮೇಲಿನ ಹೂವಿನ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟರು. ಅವರು ಮನಸ್ಸು ಬದಲಿಸುವ ಮೊದಲೇ ನಾನು ಡ್ರಿಲ್ ಹಿಡಿದೆ. ಆರು ಇಂಚಿನ ತೂತು, ಪೈಪು, ಒಲೆ, ಎಲ್ಲ ಮುಗಿಯುವಾಗ ಮೂರು ಗಂಟೆ. ಆ ಮಹಾಶಯರು ಅಷ್ಟು ಹೊತ್ತೂ ಮುಂದಿನ ಬೋಳು ಗೋಡೆಯನ್ನು ನೋಡುತ್ತಾ ಕೂತಿದ್ದರು, ಸಾವಿನ ಮನೆಯಲ್ಲಿ ಕೂತವರ ಹಾಗೆ. ಕಂಪನಿಗೆ ಮಾತ್ರ ಬರೆಯಲಿಲ್ಲ. ಏನೆಂದು ಬರೆಯುವುದು?

ಅಂದಿನಿಂದ ಯಾವ ಮನೆಗೆ ಹೋದರೂ ಚಿಮ್ನಿ ಎಲ್ಲಿಗೆ ಎಂದು ಯಜಮಾನರನ್ನು ಕೇಳುವುದನ್ನು ಬಿಟ್ಟೆ. ಮೊದಲು ಹಿಂದಿನ ಬಾಗಿಲಿಗೆ ಹೋಗಿ ಒಲೆಯ ಮುಂದೆ ಯಾರಿದ್ದಾರೆಂದು ನೋಡುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆರು ತಿಂಗಳ ನಂತರ ಜಾಲರಿ ತೊಳೆಯಲು ಹೋದಾಗ ಅದು ಜಿಡ್ಡಿನಿಂದ ಕಪ್ಪಾಗಿತ್ತು. ಸುನಂದಕ್ಕ ಮೀನು ಕಾಯಿಸುತ್ತಲೇ ನೆರೆಮನೆಯ ಜಗಳ, ತಂಗಿಯ ಮಗಳ ಮದುವೆ, ಗಂಡನ ಪೆದ್ದುತನ ಎಲ್ಲವನ್ನೂ ಒಂದೇ ಸಮನೆ ಹೇಳಿದರು. ಇವರು ಮಾತು ಕಮ್ಮಿಯ ಹೆಂಗಸು ಎಂದು ಒಂದೂವರೆ ವರ್ಷ ತಿಳಿದುಕೊಂಡಿದ್ದೆ. ಮಾತು ಬೇಕಾದಷ್ಟಿತ್ತು. ಉಸಿರು ಇರಲಿಲ್ಲ.