ಪಾತಣ್ಣ ಬರೆದ ಹಟ್ಟಿಯ ಹಾಡು

ಗ್ರಂಥಾಲಯಕ್ಕೆ ರಜೆ ಸೋಮವಾರ. ದನಗಾಹಿ ಹಟ್ಟಿಯ ಮುದುಕಿ ಮೂಗಮ್ಮಜ್ಜಿಯ ದೇವರ ಹಾಡಿಗೆ ಶನಿವಾರವೇ ಆಗಬೇಕು. ಈ ಎರಡು ದಿನಗಳ ನಡುವೆ ಓಡಾಡಿಯೇ ನಮ್ಮೂರ ಗ್ರಂಥಪಾಲಕ ಪಾತಣ್ಣನವರ ಅರ್ಧ ಆಯುಷ್ಯ ಸವೆಯಿತು.

ರಾಂಪುರದ ಕಡೆಯ ನಮ್ಮ ಊರಿನಲ್ಲಿ ಅವರ ಗ್ರಂಥಾಲಯವೆಂದರೆ ಒಂದೇ ಕೋಣೆ. ಕೂಲಿಗೆ ಹೋಗುವವರ ಹೆಣ್ಣುಮಕ್ಕಳು ಅಲ್ಲಿ ಓದಿ ನರ್ಸ್ ಆಗಿದ್ದಾರೆ, ಟೀಚರ್ ಆಗಿದ್ದಾರೆ. ಶಾಲೆ ಬಿಟ್ಟ ನನ್ನಂಥವಳ ಕೈಗೂ ಪುಸ್ತಕವಿಟ್ಟು, "ಅರ್ಥ ಆಗ್ದಿದ್ರೆ ನಾಳೆ ಬಂದು ಕೇಳಮ್ಮ" ಎಂದವರು ಅವರು. ಅವರಿಗಿದ್ದ ಆಸೆ ಒಂದೇ, ಈ ಸೀಮೆಯ ದನಗಾಹಿ ಹಟ್ಟಿಗಳು ಎಲ್ಲಿಂದ ಬಂದವು ಎಂದು ಬರೆದಿಡುವುದು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂಗಮ್ಮಜ್ಜಿಯ ಹಾಡಿನಲ್ಲಿತ್ತು: ದೇವರ ಪೆಟ್ಟಿಗೆ ಹೊತ್ತು ಬಂದ ಹಾದಿ, ತಂಗಿದ ಹಳ್ಳ, ಸತ್ತವರ ಹೆಸರು.

ಆದರೆ ಆ ಹಾಡಿಗೊಂದು ಕಟ್ಟಳೆ. ನಡುವೆ ನಿಂತರೆ ಮತ್ತೆ ಮೊದಲಿನಿಂದಲೇ ಹಾಡಬೇಕು. ಅಜ್ಜಿ ಸ್ನಾನ, ಪೂಜೆ ಮುಗಿಸಿ ಬಾಯಿ ತೆರೆಯುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಹಾಡು ಅರ್ಧಕ್ಕೆ ಬರುವಾಗ ಗ್ರಂಥಾಲಯ ತೆರೆಯುವ ಹೊತ್ತಾಗಿ ಪಾತಣ್ಣ ಎದ್ದುಬಿಡುತ್ತಿದ್ದರು. ಹೀಗೆ ಮೊದಲರ್ಧವನ್ನು ಎಷ್ಟೋ ಸಲ ಬರೆದರು, ಕೊನೆಯನ್ನು ಕೇಳಲೇ ಇಲ್ಲ.

"ದೇವ್ರನ್ನ ಅರ್ಧ ದಾರೀಲಿ ಇಳಿಸಿ ಓಡ್ತೀಯಲ್ಲೋ! ನೀನು ಬಸ್ ಕಂಡಕ್ಟರ್ ಆಗ್ಬೇಕಿತ್ತು" ಎಂದು ಅಜ್ಜಿ ಛೇಡಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಅಜ್ಜಿಗೆ ಉಬ್ಬಸ ಹೆಚ್ಚಾಯಿತು. ಸೊಸೆ ಹೊನ್ನಕ್ಕ ಬಂದು, "ಈ ಶನಿವಾರ ಬಂದ್ರೆ ಬಂದಂಗೆ ನೋಡ್ರಿ ಸಾರ್. ಇನ್ನು ಅವ್ವನ ಕೈಲಿ ಆಗಲ್ಲ" ಎಂದಳು. ಆ ಶನಿವಾರದ ಮರುದಿನವೇ ಹುಡುಗಿಯರಿಗೆ ಪೊಲೀಸ್ ಪರೀಕ್ಷೆ, ಗ್ರಂಥಾಲಯ ಮುಚ್ಚುವಂತಿಲ್ಲ. ಕೀಲಿ ಬೇರೆಯವರಿಗೆ ಕೊಡುವಂತಿಲ್ಲ. ಹಿಂದೊಮ್ಮೆ ಕೊಟ್ಟು ಪಾತಣ್ಣ ನೋಟಿಸ್ ಪಡೆದಿದ್ದರು. ಆದರೂ ಆ ಶನಿವಾರ ಪರೀಕ್ಷೆಗೆ ಓದುತ್ತಿದ್ದ ಪುಷ್ಪಲತಾಳನ್ನು ಕರೆದು ಕೀಲಿ ಕೊಟ್ಟರು.

"ಯಾರಾದ್ರೂ ಕೇಳಿದ್ರೆ ಸಾರ್?"

"ಕದ್ದೆ ಅನ್ನು. ನಾಳೆ ಪೊಲೀಸ್ ಆಗೋಳು, ನಿನ್ನ ಯಾರು ಹಿಡೀತಾರೆ?"

ನಾನೂ ಅವರ ಜೊತೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಕುಳಿತೆವು. ಗ್ರಂಥಾಲಯದ ಹೊತ್ತು ಮೀರಿತು, ಪಾತಣ್ಣ ಏಳಲಿಲ್ಲ. ಅವರು ಎಂದೂ ಕೇಳದಿದ್ದ ಭಾಗ ಬಂತು. ದನಗಳು ಹೊಳೆ ದಾಟಿದವು. ದೇವರ ಪೆಟ್ಟಿಗೆಗಾಗಿ ಅಣ್ಣತಮ್ಮಂದಿರು ಜಗಳವಾಡಿದರು. ಪೆಟ್ಟಿಗೆ ಯಾರ ಪಾಲಾಯಿತು, ನಮ್ಮ ಕಡೆಗೆ ತಿರುಗಿದವನು ಯಾರು ಎನ್ನುವಲ್ಲಿ ಅಜ್ಜಿಗೆ ಕೆಮ್ಮು ಹತ್ತಿತು. ಹಾಡು ನಿಂತಿತು.

ನೀರು ಕುಡಿಸಿದ ಮೇಲೆ ಪಾತಣ್ಣ ಮೆಲ್ಲಗೆ, "ಹಾಡಬ್ಯಾಡವ್ವ. ಸುಮ್ನೆ ಬಾಯಲ್ಲಿ ಹೇಳು, ಸಾಕು" ಎಂದರು.

"ಹಾಡ್ದೇ ಹೇಳಿದ್ರೆ ಊರ ಸುದ್ದಿ ಆಗ್ತೈತೆ ಕಣಪ್ಪ, ದೇವ್ರ ಮಾತಾಗಲ್ಲ."

ಅಜ್ಜಿ ಗೋಡೆಯ ಕಡೆ ಹೊರಳಿದಳು. ದೇವರು ಅಷ್ಟನ್ನೇ ಕೊಡಬೇಕೆಂದಿದ್ದನೋ ಏನೋ. ಪಾತಣ್ಣ ಒತ್ತಾಯಿಸಲಿಲ್ಲ. ಅವಳ ಪಾದ ಮುಟ್ಟಿ ಎದ್ದರು.

ಅಜ್ಜಿ ಆಷಾಢ ದಾಟಲಿಲ್ಲ. ಬರೆದದ್ದನ್ನು ಚಳ್ಳಕೆರೆಗೆ ಅಚ್ಚಿಗೆ ಕಳಿಸುವ ಮುಂಚೆ ಹೈಸ್ಕೂಲ್ ಮೇಷ್ಟ್ರು ವೀರೇಶ್ ಓದಿ, "ತಮ್ಮನೇ ಈ ಕಡೆ ಬಂದ ಅಂತ ಹಾಕ್ಬಿಡ್ರಿ ಸಾರ್. ಯಾರಿಗೆ ಗೊತ್ತಾಗ್ತೈತೆ?" ಎಂದರು.

"ಹುಡುಗ್ರು ಓದ್ತಾರಲ್ರಿ" ಎಂದಷ್ಟೇ ಹೇಳಿ ಪಾತಣ್ಣ ಕೊನೆಯ ಹಾಳೆ ಎಳೆದುಕೊಂಡರು.

'ಇಲ್ಲಿಗೆ ಮೂಗಮ್ಮನ ಉಸಿರು ಸೋತಿತು. ಮುಂದಿನದು ನನಗೆ ತಿಳಿಯದು.'

ಇಷ್ಟು ಬರೆಯಲು ಅವರಿಗೆ ಇಡೀ ಮಧ್ಯಾಹ್ನ ಬೇಕಾಯಿತು.